ಹೆಸರಿಲ್ಲದ ಹಡಗಿಗೆ ನಮ್ಮ ಕಾಡಿನ ಮರವೇ ಸಾಕ್ಷಿ

ಕೆರೆ ದಂಡೆಯಲ್ಲಿ ಹಳೇ ದೋಣಿಯ ಹಲಗೆ ಸಿಕ್ಕರೆ ಅದು ಸೌದೆಯಲ್ಲ. ನೀಲಗಿರಿಯ ಸಾಗುವಾನಿಗೂ ಸಮುದ್ರಕ್ಕೂ ಇರುವ ನಂಟು ಇಲ್ಲಿದೆ

ಗೂಡಲೂರು: ಸಮುದ್ರಕ್ಕೂ ನೀಲಗಿರಿಗೂ ಏನು ಸಂಬಂಧ ಅಂತ ಕೇಳಿದರೆ ಯಾರಾದರೂ ನಕ್ಕಾರು. ಊಟಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿ. ಇಲ್ಲಿ ಹಡಗು ಅಂದರೆ ಸಿನಿಮಾದಲ್ಲಿ ನೋಡಿದ್ದು. ದೋಣಿ ಅಂದರೆ ಬೋಟ್‌ಹೌಸ್‌ನಲ್ಲಿ ಟಿಕೆಟ್ ತೆಗೆದು ಅರ್ಧ ಗಂಟೆ ಪೆಡಲ್ ತುಳಿದಿದ್ದು. ಗುಂಡ್ಲುಪೇಟೆಯಿಂದ, ಚಾಮರಾಜನಗರದಿಂದ ನೆಂಟರು ಬಂದರೆ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ಅಲ್ಲಿಗೆ ನಮ್ಮ ನೌಕಾಯಾನ ಮುಗಿಯಿತು.

ಆದರೆ ಗೂಡಲೂರಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ಒಮ್ಮೆ ಯೋಚಿಸಿ. ಮಸಿನಗುಡಿ, ತೆಪ್ಪಕಾಡು ಕಡೆಯ ನೀರು ಮೋಯಾರ್ ಸೇರಿ, ಭವಾನಿ ಸೇರಿ, ಕಾವೇರಿಯಾಗಿ ಪೂರ್ವಕ್ಕೆ ಹರಿಯುತ್ತದೆ. ಗೂಡಲೂರು ಪಟ್ಟಣದಿಂದ ಕೊಂಚ ಆಚೆ ಪಾಂಡಿಯಾರಿಗೆ ಬಿದ್ದ ಮಳೆ ಮಾತ್ರ ಪಶ್ಚಿಮಕ್ಕೆ ಇಳಿದು, ಪುನ್ನಪುಳೆಯಾಗಿ, ನೀಲಂಬೂರಿನ ಹತ್ತಿರ ಚಾಲಿಯಾರ್ ಸೇರುತ್ತದೆ. ಚಾಲಿಯಾರ್ ಸಮುದ್ರ ಸೇರುವುದು ಬೇಪೂರಿನಲ್ಲಿ. ಬೇಪೂರು ಅಂದರೆ ‘ಉರು’ ಎಂಬ ದೊಡ್ಡ ಮರದ ಹಡಗು ಕಟ್ಟುವ ಊರು. ಅಂದರೆ ನಮ್ಮ ಬೆಟ್ಟದ ನೀರು ಹಡಗು ಕಟ್ಟುವ ಊರಿಗೇ ಹೋಗಿ ನಿಲ್ಲುತ್ತದೆ. ಒಂದು ಕಾಲದಲ್ಲಿ ನೀರಿನ ಜೊತೆ ಈ ಭಾಗದ ಮರವೂ ಆ ದಾರಿಯಲ್ಲೇ ಹೋಯಿತು.

ಈ ವಿಷಯ ಈಗ ಯಾಕೆ ಅಂದರೆ, ಕಾರಣ ಉಂಟು. ಬೇಸಿಗೆ ಬಂದರೆ ಅಣೆಕಟ್ಟುಗಳ ನೀರು ತಳ ಕಾಣುತ್ತದೆ. ಕೆರೆಗಳಲ್ಲಿ ಹೂಳೆತ್ತಲು ಯಂತ್ರ ಇಳಿಯುತ್ತದೆ. ದೇಶ ವಿದೇಶಗಳಲ್ಲಿ ಹೆಸರು ಗೊತ್ತಿಲ್ಲದ ಹಳೇ ಮರದ ಹಡಗು, ದೋಣಿಗಳು ಬೆಳಕಿಗೆ ಬಂದಿರುವುದು ಬಹುತೇಕ ಇಂಥ ಸಂದರ್ಭದಲ್ಲೇ. ಅವುಗಳಲ್ಲಿ ಉಳಿದವು ಕೆಲವು. ಒಲೆಗೆ ಹೋದವಕ್ಕೆ, ಜೆಸಿಬಿ ಬಾಯಿಗೆ ಸಿಕ್ಕಿದವಕ್ಕೆ ಲೆಕ್ಕ ಇಟ್ಟವರಿಲ್ಲ.

ನೀರಿದ್ದ ಜಾಗದಲ್ಲಿ ಬಸ್ ನಿಲ್ದಾಣ

ಮೊದಲು ನಮ್ಮ ಊಟಿ ಕೆರೆಯನ್ನೇ ನೋಡೋಣ. ಇದು ದೇವರು ಕೊಟ್ಟ ಕೆರೆಯಲ್ಲ, ಕಟ್ಟಿದ ಕೆರೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲ್ಲಿವನ್ 1823ರಿಂದ 1825ರ ನಡುವೆ ಬೆಟ್ಟದ ತೊರೆಗಳಿಗೆ ಒಡ್ಡು ಹಾಕಿಸಿ ನೀರು ನಿಲ್ಲಿಸಿದರು. ಈ ಕೆರೆಗೆ ಇನ್ನೂರು ವರ್ಷ ತುಂಬಿ ಆಯಿತು. ಆಗ ಇದರ ವಿಸ್ತಾರ ಈಗಿನದಕ್ಕಿಂತ ಬಹಳ ದೊಡ್ಡದು. ಮೀನು ಹಿಡಿಯಲು, ಒಂದು ದಂಡೆಯಿಂದ ಇನ್ನೊಂದು ದಂಡೆಗೆ ದೋಣಿಯಲ್ಲಿ ದಾಟಲು ಇದನ್ನು ಬಳಸುತ್ತಿದ್ದರು. ಮಧ್ಯೆ ಮೂರು ಸಲ ಒಡ್ಡು ಒಡೆದು ನೀರೆಲ್ಲ ಖಾಲಿಯಾದದ್ದೂ ಉಂಟು.

ವರ್ಷ ಕಳೆದ ಹಾಗೆ ಕೆರೆ ಕುಗ್ಗಿತು. ಈಗ ಬಸ್ ನಿಲ್ದಾಣ ಇರುವ ಜಾಗ, ರೇಸ್‌ಕೋರ್ಸ್ ಮೈದಾನ, ಲೇಕ್ ಪಾರ್ಕ್, ಇವೆಲ್ಲ ಹಿಂದೆ ಕೆರೆಯ ಅಂಗಳವೇ. ಮೈಸೂರು ಬಸ್ಸಿನಿಂದ ಇಳಿದು ಬ್ಯಾಗು ಕೆಳಗಿಡುವ ಪ್ರಯಾಣಿಕ ನಿಂತಿರುವುದು ಹಳೇ ಕೆರೆಯ ತಳದ ಮೇಲೆ. ಉಳಿದ ಕೆರೆ ಸುಮಾರು 65 ಎಕರೆ. ತಮಿಳುನಾಡು ಪ್ರವಾಸೋದ್ಯಮ ಇಲಾಖೆ ಇಲ್ಲಿ ದೋಣಿ ವಿಹಾರಕ್ಕಾಗಿ ಕೆರೆಯನ್ನು ವಹಿಸಿಕೊಂಡದ್ದು 1973ರಲ್ಲಿ. ಕೊಡಪ್ಪಮಂದ್ ಕಾಲುವೆಯಿಂದ ಬರುವ ಹೂಳು, ಕೊಳಚೆಯ ಕಥೆ ಊಟಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ರೇಸ್‌ಕೋರ್ಸ್ ಜಾಗವನ್ನು ಗುತ್ತಿಗೆ ಬಾಕಿಯ ಕಾರಣಕ್ಕೆ ಜಿಲ್ಲಾಡಳಿತ 2024ರ ಜುಲೈನಲ್ಲಿ ವಶಕ್ಕೆ ತೆಗೆದುಕೊಂಡಿತು. ಅಲ್ಲಿ ಮುಂದೆ ಏನೇ ಅಗೆತ ನಡೆದರೂ ಅದು ಹಳೇ ಕೆರೆಯ ಮಣ್ಣನ್ನೇ ಅಗೆದ ಹಾಗೆ. ಎರಡು ಶತಮಾನದ ಕೆರೆಯ ತಳದಲ್ಲಿ ದೋಣಿಯ ತುಂಡು, ಹುಟ್ಟು, ಮೊಳೆ, ಕಟ್ಟೆಯ ಮರದ ಗೂಟ ಇದ್ದರೆ ಆಶ್ಚರ್ಯ ಪಡಬೇಕಾಗಿಲ್ಲ. ಇಂಥದ್ದನ್ನು ನೋಡುವ ಕಣ್ಣು ಅಗೆಯುವವರಿಗೂ ಅಗೆಸುವವರಿಗೂ ಇರಬೇಕು, ಅಷ್ಟೆ.

ತೆಂಗಿನ ತೋಟದೊಳಗೊಂದು ಹಡಗು

ಹೆಸರಿಲ್ಲದ ಮರದ ಹಡಗು ನಮಗೆ ಹತ್ತಿರದಲ್ಲೇ ಒಂದು ಸಿಕ್ಕಿದೆ. ಕೇರಳದ ಆಲಪ್ಪುಳ ಜಿಲ್ಲೆ, ಚೇರ್ತಲ ತಾಲ್ಲೂಕಿನ ಕಡಕ್ಕರಪ್ಪಳ್ಳಿ ಎಂಬ ಊರು. ಅದರ ಕಡಲತೀರದ ಭಾಗಕ್ಕೆ ತೈಕಲ್ ಅಂತ ಹೆಸರು. ಒಂದು ಕಡೆ ಅರಬ್ಬೀ ಸಮುದ್ರ, ಇನ್ನೊಂದು ಕಡೆ ವೇಂಬನಾಡು ಕಾಯಲು. ನಡುವೆ ಪಟ್ಟಿಯ ಹಾಗೆ ಚಾಚಿದ ಮರಳು ನೆಲ. ಅಲ್ಲಿನ ಜೌಗು ನೆಲದಲ್ಲಿ, ತೆಂಗಿನ ತೋಟಗಳ ನಡುವೆ, ಮಣ್ಣಿನಡಿಯಲ್ಲಿ ಹೂತುಹೋಗಿದ್ದ ದೊಡ್ಡ ಹಡಗೊಂದನ್ನು 2002–03ರಲ್ಲಿ ಪುರಾತತ್ತ್ವ ತಜ್ಞರು ಅಗೆದು ನೋಡಿದರು.

ಸಿಕ್ಕಿದ್ದು ಸಣ್ಣ ಮೀನು ದೋಣಿ ಅಲ್ಲ. ಉದ್ದ 18 ಮೀಟರ್‌ಗೂ ಮಿಕ್ಕಿದೆ. ಗೂಡಲೂರು–ಊಟಿ ನಡುವೆ ಓಡುವ ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಎರಡು ಬಸ್ಸಿನಷ್ಟು ಆಗಬಹುದಲ್ಲ, ಹೆಚ್ಚುಕಮ್ಮಿ ಅಷ್ಟು. ತಳ ಚಪ್ಪಟೆ. ಹಲಗೆ ಒಂದೇ ಪದರವಲ್ಲ, ಎರಡು ಪದರ. ಎರಡು ಪಟಸ್ತಂಭ ನಿಲ್ಲಿಸಿದ್ದರ ಗುರುತು. ಹಲಗೆ ಜೋಡಿಸಿದ್ದು ಕಬ್ಬಿಣದ ಮೊಳೆಯಿಂದ. ಮರ ಆಂಜಿಲಿ, ಅಂದರೆ ನಮ್ಮ ಮಲೆನಾಡಿನವರು ಹೆಬ್ಬಲಸು ಅನ್ನುವ ಕಾಡು ಹಲಸಿನ ಜಾತಿ.

ಇದರಲ್ಲಿ ಏನು ವಿಶೇಷ ಅಂತೀರಾ? ಮಲಬಾರಿನ ಹಳೇ ಹಡಗುಗಳು ತೆಂಗಿನ ನಾರಿನ ಹಗ್ಗದಿಂದ ಹೊಲಿದ ಹಡಗುಗಳು ಅಂತಲೇ ಎಲ್ಲ ಪ್ರವಾಸಿಗಳೂ ಬರೆದದ್ದು. ಹಲಗೆಗೆ ತೂತು ಕೊರೆದು, ನಾರಿನ ಹುರಿ ಪೋಣಿಸಿ, ಬಟ್ಟೆ ಹೊಲಿದ ಹಾಗೆ ಹೊಲಿಯುತ್ತಿದ್ದರು. ಇಲ್ಲಿ ನೋಡಿದರೆ ಮೊಳೆ ಹೊಡೆದಿದೆ, ಜೋಡು ಹಲಗೆ ಇದೆ, ಚಪ್ಪಟೆ ತಳ ಇದೆ. ಪುಸ್ತಕದಲ್ಲಿ ಇದ್ದದ್ದು ಒಂದು, ಮಣ್ಣಿನಲ್ಲಿ ಸಿಕ್ಕಿದ್ದು ಇನ್ನೊಂದು. ಇಂಗಾಲದ ಪರೀಕ್ಷೆ ಮಾಡಿದಾಗ ಇದು ಮಧ್ಯಯುಗದ್ದು ಅಂತ ತಿಳಿಯಿತು. ಪೋರ್ಚುಗೀಸರು ಈ ತೀರಕ್ಕೆ ಬಂದ 1498ಕ್ಕಿಂತ ಹಳೆಯದು ಎಂಬುದು ಸಂಶೋಧಕರ ಅಂದಾಜು. ಅಂದರೆ ಕಬ್ಬಿಣದ ಮೊಳೆಯ ಹಡಗು ಕಟ್ಟುವುದನ್ನು ಇಲ್ಲಿಯವರಿಗೆ ಕಲಿಸಿದ್ದು ಪೋರ್ಚುಗೀಸರೇ ಎಂದು ಕಣ್ಣು ಮುಚ್ಚಿ ಹೇಳುವ ಹಾಗಿಲ್ಲ.

ಇಷ್ಟೆಲ್ಲ ಗೊತ್ತಾದರೂ ಆ ಹಡಗಿಗೆ ಹೆಸರಿಲ್ಲ. ಮಾಲೀಕ ಯಾರು, ಹತ್ತಿದವರು ಯಾರು, ಕೊನೇ ದಿನ ಏನಾಯಿತು ಎಂಬುದಕ್ಕೆ ಒಂದು ಸಾಲು ಕಾಗದ ಇಲ್ಲ. ಆದರೂ ಅದು ಒಂದು ಮಾತು ಗಟ್ಟಿಯಾಗಿ ಹೇಳುತ್ತದೆ: ನಾನು ಬಿದ್ದಿರುವ ಜಾಗದಲ್ಲಿ ಆಗ ನೀರಿತ್ತು. ಈಗ ತೆಂಗಿನ ಮರ ಇರುವ ಕಡೆ ಆಗ ಹಡಗು ತೇಲುತ್ತಿತ್ತು. ತೀರ ಸರಿದಿದೆ, ನೆಲ ಬೆಳೆದಿದೆ. ಊಟಿಯ ಬಸ್ ನಿಲ್ದಾಣಕ್ಕೆ ಇನ್ನೂರು ವರ್ಷದಲ್ಲಿ ಆದದ್ದೇ ಅಲ್ಲಿ ಆರೇಳು ಶತಮಾನದಲ್ಲಿ ಆಗಿದೆ.

ಮರ ಬಾಯಿ ಬಿಡುವುದು ಹೇಗೆ?

ಹೆಸರು, ಫಲಕ, ದಾಖಲೆ ಏನೂ ಇಲ್ಲದ ಹಡಗನ್ನು ಗುರುತಿಸುವ ಕೆಲಸ ಪೊಲೀಸರು ಅನಾಥ ಶವ ಗುರುತಿಸುವ ಕೆಲಸದ ಹಾಗೆ. ಮೊದಲು ಅಳತೆ, ಆಮೇಲೆ ಗುರುತು, ಆಮೇಲೆ ಕಾಣೆಯಾದವರ ಪಟ್ಟಿಯ ಜೊತೆ ತಾಳೆ.

ಒಂದನೆಯದು ಮರದ ಜಾತಿ. ಬೆರಳುಗುರಿನಷ್ಟು ತುಂಡನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಗುವಾನಿಯೋ, ಹೆಬ್ಬಲಸೋ, ಓಕ್ ಮರವೋ ಅಂತ ತಜ್ಞರು ಹೇಳಿಬಿಡುತ್ತಾರೆ. ಪ್ರತಿ ಮರಕ್ಕೂ ನೀರು ಏರುವ ಕೊಳವೆಗಳ ಜೋಡಣೆ ಬೇರೆ ಬೇರೆ. ಸಾಗುವಾನಿ ಕಂಡರೆ ಮರ ದಕ್ಷಿಣ ಅಥವಾ ಆಗ್ನೇಯ ಏಷ್ಯಾದ ಕಡೆಯದು ಎಂಬ ಸುಳಿವು ಸಿಗುತ್ತದೆ. ಓಕ್ ಕಂಡರೆ ಯುರೋಪಿನ ಕಡೆ ನೋಡಬೇಕು.

ಎರಡನೆಯದು ಜೋಡಣೆ. ಹೊಲಿಗೆಯೋ, ಮರದ ಗೂಟವೋ, ಕಬ್ಬಿಣದ ಮೊಳೆಯೋ, ತಾಮ್ರದ ಮೊಳೆಯೋ. ಹಾಗಾಗಿ ಸಿಕ್ಕಿದ ಹಲಗೆಯಿಂದ ಮೊಳೆ ಕಿತ್ತು ಗುಜರಿಗೆ ಹಾಕಿದರೆ ಅರ್ಧ ಸಾಕ್ಷಿ ಹೋದ ಹಾಗೆ.

ಮೂರನೆಯದು ವಯಸ್ಸು. ಇಂಗಾಲದ ಪರೀಕ್ಷೆ ಒಂದು ದಾರಿ. ಇನ್ನೊಂದು ದಾರಿ ಮರದ ವಾರ್ಷಿಕ ಉಂಗುರ. ನಮ್ಮ ಸೀಮೆಯ ಹೆಚ್ಚಿನ ಮರಗಳಲ್ಲಿ ಉಂಗುರ ಸ್ಪಷ್ಟವಾಗಿ ಕಾಣುವುದಿಲ್ಲ, ಸಾಗುವಾನಿಯಲ್ಲಿ ಕಾಣುತ್ತದೆ. ಮಳೆ ಚೆನ್ನಾಗಿ ಬಂದ ವರ್ಷ ದಪ್ಪ ಉಂಗುರ, ಬರ ಬಿದ್ದ ವರ್ಷ ಸಣ್ಣ ಉಂಗುರ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ಕೇರಳದ ಸಾಗುವಾನಿ ಮರಗಳ ಉಂಗುರ ಜೋಡಿಸಿ 1481ರಿಂದ 2003ರವರೆಗಿನ 523 ವರ್ಷಗಳ ಲೆಕ್ಕ ಸಿದ್ಧ ಮಾಡಿ 2010ರಲ್ಲಿ ಪ್ರಕಟಿಸಿದರು. ಅವರು ಮಾಡಿದ್ದು ಮುಂಗಾರಿನ ಚರಿತ್ರೆ ತಿಳಿಯಲಿಕ್ಕೆ. ಆದರೆ ಇಂಥ ಲೆಕ್ಕದ ಪುಸ್ತಕ ಒಂದಿದ್ದರೆ, ಅದೇ ಸೀಮೆಯ ಹಳೇ ಸಾಗುವಾನಿ ಹಲಗೆಯ ಉಂಗುರವನ್ನು ಅದರ ಪಕ್ಕ ಇಟ್ಟು ತಾಳೆ ನೋಡುವ ದಾರಿ ತೆರೆಯುತ್ತದೆ. ವಾಣಿಜ್ಯ ಓದಿದವರ ಭಾಷೆಯಲ್ಲಿ ಹೇಳುವುದಾದರೆ, ಪಾಸ್‌ಬುಕ್ಕನ್ನು ಬ್ಯಾಂಕಿನ ಲೆಡ್ಜರ್ ಜೊತೆ ಟ್ಯಾಲಿ ಮಾಡಿದ ಹಾಗೆ.

ಹಲಗೆಯ ಮೂಲ ಹುಡುಕುತ್ತಾ ಹೋದರೆ ಪಶ್ಚಿಮ ಘಟ್ಟದ ಕಾಡೇ ಎದುರಿಗೆ ಬರುವುದು ಹೊಸದಲ್ಲ. ಕೇರಳದ ಪಟ್ಟಣಂನಲ್ಲಿ 2007ರ ಉತ್ಖನನದಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ, ಆರು ಮೀಟರ್ ಉದ್ದದ ಒಂಟಿ ಮರದ ದೋಣಿ ಸಿಕ್ಕಿತು. ದೋಣಿ ಆಂಜಿಲಿಯದು, ಪಕ್ಕದಲ್ಲಿ ಹಗ್ಗ ಕಟ್ಟಲು ನೆಟ್ಟ ಗೂಟಗಳು ಸಾಗುವಾನಿಯವು. ಈಜಿಪ್ಟಿನ ಕೆಂಪು ಸಮುದ್ರದ ತೀರದಲ್ಲಿ ಬೆರೆನಿಕೆ ಎಂಬ ಹಳೇ ರೋಮನ್ ಬಂದರು ಅಗೆದಾಗ ಭಾರತದ ಕರಿಮೆಣಸಿನ ಜೊತೆಗೆ ಸಾಗುವಾನಿ ತೊಲೆಗಳೂ ಕಂಡವು. ಹಡಗು ಬಿಚ್ಚಿದ ಮರವನ್ನೇ ಅಲ್ಲಿಯವರು ಮನೆ, ಗೋಡೆಗೆ ಬಳಸಿದ್ದರು. ಗಿಡಮರವಿಲ್ಲದ ಮರಳುಗಾಡಿನಲ್ಲಿ ನಮ್ಮ ಕಡೆಯ ಮರ ತೊಲೆಯಾಗಿ ನಿಂತಿತ್ತು.

ಸಾಗುವಾನಿ ಹೋದ ದಾರಿ

ಕನ್ನಡದಲ್ಲಿ ತೇಗ, ಸಾಗುವಾನಿ. ಮರಾಠಿಯಲ್ಲಿ ಸಾಗ್, ಸಾಗವಾನ್. ತಮಿಳು, ಮಲಯಾಳದಲ್ಲಿ ತೇಕ್ಕು. ಇಂಗ್ಲಿಷಿನ ‘ಟೀಕ್’ ಬಂದದ್ದು ಈ ತೇಕ್ಕಿನಿಂದಲೇ, ಪೋರ್ಚುಗೀಸರ ಬಾಯಿ ದಾಟಿ. ಮರದ ಜೊತೆ ಹೆಸರೂ ಹಡಗು ಹತ್ತಿತು.

ಹಡಗಿಗೆ ಸಾಗುವಾನಿಯೇ ಯಾಕೆ ಬೇಕು? ಅದರಲ್ಲಿ ಎಣ್ಣೆ ಅಂಶ ಇದೆ; ನೀರು, ಬಿಸಿಲು, ಗೆದ್ದಲಿಗೆ ಬೇಗ ಜಗ್ಗುವುದಿಲ್ಲ. ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಓಕ್ ಮರದ ಹುಳಿ ಅಂಶ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ, ಸಾಗುವಾನಿ ಹಾಗೆ ತಿನ್ನುವುದಿಲ್ಲ. ಯುದ್ಧನೌಕೆ ಕಟ್ಟುವವರಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಟಿಪ್ಪು ಸುಲ್ತಾನ್ 1796ರಲ್ಲಿ ಸುಮಾರು ನಲವತ್ತು ಹಡಗುಗಳ ನೌಕಾಪಡೆ ಕಟ್ಟುವ ಯೋಜನೆ ಹಾಕಿದಾಗ ಮಂಗಳೂರು ಕಡೆಯ ಕರಾವಳಿಯಲ್ಲಿ ಹಡಗುಕಟ್ಟೆಗಳನ್ನು ಗೊತ್ತು ಮಾಡಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಲೆಕ್ಕ ಅಲ್ಲಿಗೇ ನಿಂತಿತು. ಮಲಬಾರಿನ ಕಾಡುಗಳ ಮೇಲೆ ಈಸ್ಟ್ ಇಂಡಿಯಾ ಕಂಪನಿ ಕಣ್ಣಿಟ್ಟಿತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಕಾಡಿನ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ಹೆಸರಿಗೆ ಸಂರಕ್ಷಣೆ. ಕೆಲಸ ಮಾತ್ರ ನೌಕಾಪಡೆಗೆ ಸಾಗುವಾನಿ ಒದಗಿಸುವುದು. ಖಾಸಗಿಯವರು ಮರ ಕಡಿಯುವುದಕ್ಕೂ ಮಾರುವುದಕ್ಕೂ ತಡೆ ಬಿತ್ತು. ಜನರ ದೂರು ಜೋರಾಗಿ 1823ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದರು. ಅದೇ 1823ರಲ್ಲಿ ಮೇಲೆ ಊಟಿಯಲ್ಲಿ ಕೆರೆಯ ಕೆಲಸ ಶುರುವಾಗಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಮಲಬಾರಿನ ಸಾಗುವಾನಿ ಹೋಗಿ ಸೇರುತ್ತಿದ್ದ ದೊಡ್ಡ ಕಟ್ಟೆ ಮುಂಬಯಿಯದು. ಅಲ್ಲಿ ಹಡಗು ಕಟ್ಟುತ್ತಿದ್ದವರು ಪಾರ್ಸಿ ಸಮುದಾಯದ ವಾಡಿಯಾ ಮನೆತನದವರು. ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಉಸ್ತುವಾರಿಯಲ್ಲಿ ಕಟ್ಟಿದ ‘ಕಾರ್ನ್‌ವಾಲಿಸ್’ ಹಡಗು 1813ರಲ್ಲಿ ನೀರಿಗಿಳಿಯಿತು. 1842ರಲ್ಲಿ ಚೀನಾ ಮತ್ತು ಬ್ರಿಟನ್ ನಡುವಿನ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಈ ಹಡಗಿನ ಮೇಲೆಯೇ. ಅದೇ ಕಟ್ಟೆಯಲ್ಲಿ 1817ರ ಅಕ್ಟೋಬರ್‌ನಲ್ಲಿ ನೀರಿಗಿಳಿದ ‘ಟ್ರಿಂಕೋಮಲಿ’ ಇವತ್ತಿಗೂ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್ ಎಂಬ ಊರಿನಲ್ಲಿ ತೇಲುತ್ತಾ ನಿಂತಿದೆ. ಇನ್ನೂರು ವರ್ಷ ದಾಟಿದ ಮಲಬಾರ್ ಸಾಗುವಾನಿ. ನಮ್ಮ ಮಕ್ಕಳು ಯಾರಾದರೂ ಆ ದೇಶದಲ್ಲಿದ್ದರೆ ಒಮ್ಮೆ ಹೋಗಿ ಕೈಯಿಟ್ಟು ಮುಟ್ಟಿ ಬರಬಹುದು.

ಕಡಿದದ್ದು ಜಾಸ್ತಿಯಾಗಿ ಮರ ಮುಗಿಯುತ್ತಾ ಬಂದಾಗ ನೆಡುವ ಬುದ್ಧಿ ಬಂತು. ಮಲಬಾರ್ ಕಲೆಕ್ಟರ್ ಎಚ್.ವಿ. ಕೊನೋಲಿ 1840ರ ದಶಕದಲ್ಲಿ ನೀಲಂಬೂರಿನಲ್ಲಿ ಸಾಗುವಾನಿ ತೋಟ ಹಾಕಿಸಿದರು. ಬೀಜ ಮೊಳೆಯದೆ ಕೈಸೋತಾಗ ಕೆಲಸ ದಡ ಮುಟ್ಟಿಸಿದವರು ಚಾತು ಮೇನೋನ್. ಲೋಕದಲ್ಲಿ ಮೊದಲನೆಯದು ಎನ್ನಲಾಗುವ ಆ ಸಾಗುವಾನಿ ತೋಟದ ಒಂದು ಭಾಗವನ್ನು ಇಂದಿಗೂ ಕಡಿಯದೆ ಉಳಿಸಿದ್ದಾರೆ. ಗೂಡಲೂರಿನಿಂದ ನಾಡುಗಾಣಿ ಘಾಟಿ ಇಳಿದರೆ ಅದೇ ದಾರಿ. ಪಕ್ಕದಲ್ಲೇ ಸಾಗುವಾನಿ ವಸ್ತುಸಂಗ್ರಹಾಲಯವೂ ಇದೆ. ನೀಲಂಬೂರಿನ ದಿಮ್ಮಿಗಳು ಚಾಲಿಯಾರಿನಲ್ಲಿ ತೇಲಿ ಕೋಳಿಕ್ಕೋಡಿನ ಕಲ್ಲಾಯಿ ಮರದ ಪೇಟೆ ಸೇರುತ್ತಿದ್ದವು.

ನಮ್ಮ ಕಡೆಯ ಕಥೆಯೂ ಇದಕ್ಕೆ ಅಂಟಿಕೊಂಡದ್ದೇ. ಮುದುಮಲೆ ಕಾಡು ಆಗ ನೀಲಂಬೂರು ತಿರುಮುಲ್ಪಾಡರ ಜನ್ಮ ಭೂಮಿ. 19ನೇ ಶತಮಾನದ ಮಧ್ಯದಲ್ಲಿ ಮದ್ರಾಸ್ ಸರ್ಕಾರ ಮರಕ್ಕಾಗಿ ಇದನ್ನು ಗುತ್ತಿಗೆಗೆ ತೆಗೆದುಕೊಂಡಿತು. ತೆಪ್ಪಕಾಡಿನ ಆನೆಗಳು, 2023ರಲ್ಲಿ ಆಸ್ಕರ್ ಗೆದ್ದ ಸಾಕ್ಷ್ಯಚಿತ್ರದಿಂದ ಲೋಕಕ್ಕೆಲ್ಲ ಪರಿಚಯವಾದ ಶಿಬಿರದ ಆನೆಗಳು, ಒಂದು ಕಾಲದಲ್ಲಿ ಮಾಡುತ್ತಿದ್ದ ಕೆಲಸ ದಿಮ್ಮಿ ಎಳೆಯುವುದು. ಆ ಊರಿನ ಹೆಸರಿನಲ್ಲೇ ‘ತೆಪ್ಪ’ ಕೇಳಿಸುತ್ತದೆ. ಮಾವುತರಲ್ಲಿ ಬೆಟ್ಟಕುರುಬರು ಹಲವರು. ಅವರ ಅಜ್ಜಂದಿರು ಎಳೆಸಿದ ಮರ ಎಲ್ಲಿ ಹೋಯಿತು? ಬ್ಯಾರಕ್ಕಿನ ತೊಲೆ ಆಯಿತೋ, ಸೇತುವೆಯಾಯಿತೋ, ಹಡಗಿನ ಪಕ್ಕೆಯಾಯಿತೋ ದಿಮ್ಮಿ ದಿಮ್ಮಿಯಾಗಿ ಹೇಳುವವರಿಲ್ಲ. ಮುದುಮಲೆ 1940ರಲ್ಲಿ ವನ್ಯಧಾಮವಾಯಿತು, 2007ರಲ್ಲಿ ಹುಲಿ ಮೀಸಲು ಆಯಿತು. ಜನ್ಮ ಭೂಮಿ ರದ್ದತಿಗೆ 1969ರಲ್ಲಿ ಕಾಯಿದೆ ಬಂತು. ಆ ಭೂಮಿಯ ಗೊಂದಲ ಗೂಡಲೂರಿನ ಮನೆಮನೆಗೆ ಗೊತ್ತಿರುವಂಥದ್ದು. ಕಡಿದ ಮರಕ್ಕೆ ಅಷ್ಟು ಚೆನ್ನಾಗಿ ಲೆಕ್ಕ ಇಟ್ಟ ಸೀಮೆಯಲ್ಲಿ ಕಡಿದವರ, ಎಳೆದವರ ಹೆಸರು ಮಾತ್ರ ಲೆಕ್ಕಕ್ಕೆ ಬರಲಿಲ್ಲ.

ಸಿಹಿನೀರು ಕಾಪಾಡುತ್ತದೆ, ಗಾಳಿ ಕೊಲ್ಲುತ್ತದೆ

ಕೆರೆಯ ಹಡಗಿಗೂ ಕಡಲಿನ ಹಡಗಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಉಪ್ಪು ನೀರಿನಲ್ಲಿ ಮರ ಕೊರೆಯುವ ಹುಳುವಿನಂಥ ಜೀವಿ ಇರುತ್ತದೆ. ಮುಳುಗಿದ ಮರವನ್ನು ಜರಡಿ ಮಾಡಿಬಿಡುತ್ತದೆ. ಸಿಹಿನೀರಿನಲ್ಲಿ ಅದರ ಕಾಟ ಇಲ್ಲ. ನೀರು ತಣ್ಣಗಿದ್ದು, ಮೇಲೆ ಹೂಳು ಮುಚ್ಚಿದ್ದರೆ ಗಾಳಿ ಆಡದೆ ಕೊಳೆಯುವುದೂ ನಿಧಾನ. ಹಾಗಾಗಿ ಸರೋವರದ ತಳದ ಮರದ ಹಡಗು ಶತಮಾನಗಟ್ಟಲೆ ಉಳಿಯಬಲ್ಲದು.

ಅಮೆರಿಕದ ಮಿಷಿಗನ್ ಸರೋವರದಲ್ಲಿ 2025ರ ಮೇ ತಿಂಗಳಲ್ಲಿ ಹೀಗೇ ಆಯಿತು. ವಿಸ್ಕಾನ್ಸಿನ್ ರಾಜ್ಯದ ಮ್ಯಾನಿಟೊವಾಕ್ ಊರಿನ ಹತ್ತಿರ ಮಂಜು ಮುಸುಕಿದ ಹೊತ್ತಿನಲ್ಲಿ ಮೀನು ಹಿಡಿಯಲು ಹೋದವರೊಬ್ಬರಿಗೆ ಆಳವಿಲ್ಲದ ನೀರಿನಲ್ಲಿ ಮರದ ಹಡಗೊಂದರ ಅಸ್ಥಿಪಂಜರ ಕಂಡಿತು. ಅವರು ಹಲಗೆ ಕೀಳಲಿಲ್ಲ, ಸುದ್ದಿ ಮುಟ್ಟಿಸಿದರು. ರಾಜ್ಯದ ಇತಿಹಾಸ ಸಂಸ್ಥೆಯವರು ಅಳತೆ ತೆಗೆದು, ಹಳೇ ದಾಖಲೆ ಜೊತೆ ತಾಳೆ ನೋಡಿ, ಅದು 1881ರಲ್ಲಿ ಕಟ್ಟಿದ, ಕೆಲಸ ಮುಗಿದ ಮೇಲೆ 1923ರಲ್ಲಿ ಮುಳುಗಿಸಿದ ‘ಜೆ.ಸಿ. ಏಮ್ಸ್’ ಎಂಬ ಎಳೆದೋಣಿ ಅಂತ ಗುರುತಿಸಿದರು. ನೂರು ವರ್ಷ ಮರಳಿನಡಿ ಇದ್ದದ್ದಕ್ಕೆ ಹೆಸರು ವಾಪಸು ಬಂತು. ದಾಖಲೆ ಇಟ್ಟವರಿದ್ದರು, ಸುದ್ದಿ ಕೊಟ್ಟವರಿದ್ದರು. ಎರಡೂ ಸೇರಿದ್ದರಿಂದ ಆಯಿತು.

ಇಟಲಿಯ ನೇಮಿ ಸರೋವರದ ಕಥೆ ಇನ್ನೂ ದೊಡ್ಡದು. ತಳದಲ್ಲಿ ರೋಮನ್ ಕಾಲದ ಎರಡು ಭಾರಿ ಹಡಗುಗಳಿವೆ ಅಂತ ಮೀನುಗಾರರಿಗೆ ಶತಮಾನಗಳಿಂದ ಗೊತ್ತಿತ್ತು. 1928ರಿಂದ ಸರೋವರದ ನೀರನ್ನೇ ಪಂಪು ಮಾಡಿ ಇಳಿಸಿ ಅವನ್ನು ಹೊರತೆಗೆದರು. ಎಪ್ಪತ್ತು ಮೀಟರ್ ಮೀರಿದ ಹಡಗುಗಳು. ಸೀಸದ ನೀರಿನ ಕೊಳವೆ ಮೇಲೆ ಚಕ್ರವರ್ತಿ ಕಲಿಗುಲನ ಹೆಸರು ಒತ್ತಿತ್ತು, ಗುರುತು ಸಿಕ್ಕಿತು. ಸುಮಾರು ಸಾವಿರದ ಒಂಬೈನೂರು ವರ್ಷ ನೀರಿನಲ್ಲಿ ಉಳಿದ ಆ ಹಡಗುಗಳು ದಂಡೆಯ ಮೇಲೆ ಉಳಿದದ್ದು ಹದಿನೈದು ವರ್ಷ ಮಾತ್ರ. 1944ರ ಮೇ 31ರ ರಾತ್ರಿ, ಎರಡನೇ ಮಹಾಯುದ್ಧದ ನಡುವೆ, ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದು ಬೂದಿಯಾದವು.

ಬೆಂಕಿ ಬೇಡ, ಬರೀ ಗಾಳಿ ಸಾಕು. ನೀರು ಕುಡಿದ ಹಳೇ ಮರ ಹೊರಗಿನಿಂದ ಗಟ್ಟಿ ಕಂಡರೂ ಒಳಗೆ ಸ್ಪಂಜಿನ ಹಾಗಿರುತ್ತದೆ. ನೀರೇ ಅದನ್ನು ಹಿಡಿದು ನಿಲ್ಲಿಸಿರುತ್ತದೆ. ಬಿಸಿಲಿಗೆ ಇಟ್ಟರೆ ನೀರು ಆರಿ, ಮರ ಸುರುಟಿ, ಸೀಳಿ, ಪುಡಿಯಾಗುತ್ತದೆ. ಸ್ವೀಡನ್ ದೇಶದಲ್ಲಿ 1628ರಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಿದ ‘ವಾಸಾ’ ಯುದ್ಧನೌಕೆಗೆ ನೀರಿನ ಬದಲು ಮೇಣದಂಥ ರಾಸಾಯನಿಕ ಇಳಿಸಲು 17 ವರ್ಷ ಸಿಂಪಡಿಸಿದರು. ಅಷ್ಟು ಖರ್ಚು, ಅಷ್ಟು ತಾಳ್ಮೆ ಇಲ್ಲದ ಕಡೆ ಅಳತೆ, ಫೋಟೊ ತೆಗೆದು ಮತ್ತೆ ಮಣ್ಣು ಮುಚ್ಚಿ, ತೇವ ಆರದ ಹಾಗೆ ಬಿಡುವುದೇ ಮೇಲು ಅಂತ ತಜ್ಞರು ಹೇಳುತ್ತಾರೆ.

ನಮ್ಮ ಕಡೆ ಸಿಕ್ಕರೆ?

ನೀಲಗಿರಿಯಲ್ಲಿ ನೀರಿಗೆ ಕೊರತೆಯಿಲ್ಲ. ಊಟಿ ಕೆರೆ ಒಂದೇ ಅಲ್ಲ. 1932ರ ಪೈಕಾರ ವಿದ್ಯುತ್ ಯೋಜನೆಯಿಂದ ಶುರುವಾಗಿ ಮುಕುರ್ತಿ, ಅವಲಾಂಚಿ, ಎಮರಾಲ್ಡ್, ಮಸಿನಗುಡಿಯ ಮರವಕಂಡಿ ತನಕ ಹಲವು ಜಲಾಶಯಗಳಿವೆ. ಗಡಿಯಾಚೆ ಕಬಿನಿ, ಕೃಷ್ಣರಾಜಸಾಗರ ಇವೆ. ಕೃಷ್ಣರಾಜಸಾಗರದ ನೀರು ಇಳಿದಾಗ ಮುಳುಗಿದ್ದ ಹಳೇ ಕನ್ನಂಬಾಡಿಯ ಗುಡಿ ಮೇಲೆದ್ದು ಕಂಡದ್ದು, ಆಮೇಲೆ ಆ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಬೇರೆಡೆ ಎತ್ತಿ ಕಟ್ಟಿದ್ದು ನಮ್ಮವರಿಗೆಲ್ಲ ಗೊತ್ತು. ಕಲ್ಲಿನ ಗುಡಿಗೆ ಕಾಯುವ ಶಕ್ತಿ ಇದೆ. ಮರದ ದೋಣಿಗೆ ಇಲ್ಲ. ಅದಕ್ಕೆ ಮೊದಲ ಒಂದು ವಾರವೇ ಜೀವ ಮರಣದ ಪ್ರಶ್ನೆ.

ಹಾಗಾಗಿ ಬೇಸಿಗೆಯಲ್ಲಿ ದನ ಮೇಯಿಸುವವರು, ಮೀನು ಹಿಡಿಯುವವರು, ಹೂಳು ಹೊತ್ತೊಯ್ಯುವ ಟ್ರ್ಯಾಕ್ಟರಿನವರು ಇಷ್ಟು ನೆನಪಿಟ್ಟರೆ ಸಾಕು:

* ಹಲಗೆ, ಪಕ್ಕೆಯಂಥ ಬಾಗಿದ ಮರ, ಸಾಲು ಮೊಳೆ ಕಂಡರೆ ಎಳೆಯಬೇಡಿ, ಕೀಳಬೇಡಿ. ಇದ್ದ ಜಾಗದಲ್ಲೇ ಇರಲಿ. ಯಾವ ಜಾಗದಲ್ಲಿ, ಯಾವ ದಿಕ್ಕಿಗೆ ಮಲಗಿತ್ತು ಎಂಬುದೂ ಸಾಕ್ಷಿಯೇ.

* ಪಕ್ಕದಲ್ಲಿ ಒಂದು ಕೋಲೋ ಕೊಡೆಯೋ ಇಟ್ಟು ಅಳತೆ ಗೊತ್ತಾಗುವ ಹಾಗೆ ಫೋಟೊ ತೆಗೆಯಿರಿ. ಮೊಬೈಲಿನಲ್ಲಿ ಜಾಗದ ಗುರುತು ಉಳಿಸಿಕೊಳ್ಳಿ.

* ಮರ ಒಣಗಲು ಬಿಡಬೇಡಿ. ಒದ್ದೆ ಗೋಣಿಚೀಲ ಹೊದಿಸಿ, ಕೆರೆಯ ಕೆಸರನ್ನೇ ಮೇಲೆ ಮುಚ್ಚಿ. ತೊಳೆದು ಹೊಳಪು ಕೊಡುವ ಕೆಲಸ ಬೇಡ.

* ಹೂಳೆತ್ತುವ ಯಂತ್ರ ಇದ್ದರೆ ಆ ಜಾಗ ಬಿಟ್ಟು ಬೇರೆ ಕಡೆ ಕೆಲಸ ಮುಂದುವರಿಸಲು ಹೇಳಿ. ಇಡೀ ಕೆಲಸ ನಿಲ್ಲಿಸಬೇಕಾಗಿಲ್ಲ.

* ಗ್ರಾಮಾಡಳಿತಾಧಿಕಾರಿಗೋ ತಹಶೀಲ್ದಾರರಿಗೋ ಬರಹದಲ್ಲಿ ತಿಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಕಾಡಿನೊಳಗಿನ ನೀರಾದರೆ ಅರಣ್ಯ ಇಲಾಖೆಗೆ ತಿಳಿಸಿ; ಅಲ್ಲಿ ನೀವಾಗಿ ಇಳಿದು ಹುಡುಕುವುದು ಅಪಾಯ, ತಪ್ಪು ಕೂಡ.

ಸುದ್ದಿ ಕೊಡುವುದು ಬರೀ ಒಳ್ಳೇತನವಲ್ಲ, ಕಾನೂನು ಕೂಡ. 1878ರ ನಿಧಿ ಕಾಯಿದೆ ಪ್ರಕಾರ ಮಣ್ಣಿನಲ್ಲಿ ಹುದುಗಿದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಯಾವುದೇ ವಸ್ತು ಸಿಕ್ಕರೂ ಸಿಕ್ಕಿದವರು ಕಲೆಕ್ಟರಿಗೆ ಬರಹದಲ್ಲಿ ತಿಳಿಸಬೇಕು. 1972ರ ಪುರಾತನ ವಸ್ತುಗಳ ಕಾಯಿದೆ ನೂರು ವರ್ಷ ದಾಟಿದ ವಸ್ತುವನ್ನು ಪುರಾತನ ವಸ್ತು ಎನ್ನುತ್ತದೆ. ಊಟಿ ಕೆರೆಯ ಮೊದಲ ನೂರು ವರ್ಷದಲ್ಲಿ ಮುಳುಗಿದ ಯಾವ ದೋಣಿಯೂ ಇವತ್ತಿಗೆ ಆ ಲೆಕ್ಕಕ್ಕೆ ಬರುತ್ತದೆ.

ಸುದ್ದಿ ಕೊಟ್ಟರೆ ಜಾಗ ಹೋಗುತ್ತದೆ, ಕೆಲಸ ನಿಲ್ಲುತ್ತದೆ, ಓಡಾಟ ಶುರುವಾಗುತ್ತದೆ ಎಂಬ ಭಯ ಜನರಲ್ಲಿದೆ. ಪಟ್ಟಾ ಇಲ್ಲದೆ ಎರಡು ಮೂರು ತಲೆಮಾರು ಕಳೆದ ಕುಟುಂಬಗಳಿರುವ ಗೂಡಲೂರಿನಲ್ಲಿ ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. ಸುದ್ದಿ ಕೊಟ್ಟವರನ್ನು ತಪ್ಪಿತಸ್ಥರ ಹಾಗೆ ನೋಡದೆ, ಬೇಗ ಬಂದು ನೋಡಿ, ಅಳತೆ ತೆಗೆದು ಜಾಗ ಬಿಟ್ಟುಕೊಡುವ ಕ್ರಮ ಇದ್ದರೆ ಜನ ತಾವಾಗಿಯೇ ಹೇಳುತ್ತಾರೆ. ಹೂಳೆತ್ತುವ ಟೆಂಡರಿನಲ್ಲಿ ಈ ಬಗ್ಗೆ ಒಂದು ಷರತ್ತು ಸೇರಿಸಲು ದೊಡ್ಡ ಖರ್ಚೇನೂ ಆಗುವುದಿಲ್ಲ. ಕನ್ನಡ, ತಮಿಳು, ಮಲಯಾಳ ಮೂರೂ ಭಾಷೆಯಲ್ಲಿ ಒಂದು ತಿಳಿವಳಿಕೆ ಪತ್ರ ಕೆರೆ ದಂಡೆಯ ಹಾಡಿ, ಕಾಲೊನಿಗಳಿಗೆ ಮುಟ್ಟಿದರೆ ಇನ್ನೂ ಒಳ್ಳೇದು.

ತೈಕಲ್‌ನ ಹಡಗಿಗೆ ಹೆಸರು ಸಿಗದಿದ್ದರೂ ಅದರ ಮೊಳೆ, ಹಲಗೆ, ಮಲಗಿದ ಜಾಗ ಮೂರೂ ಸೇರಿ ಮಧ್ಯಯುಗದ ಹಡಗು ಕಟ್ಟುವ ಕಸುಬನ್ನೇ ಮತ್ತೆ ಓದುವ ಹಾಗೆ ಮಾಡಿದವು. ಅಗೆಯುವ ಮೊದಲೇ ಯಾರಾದರೂ ಅದನ್ನು ಸೀಳಿ ಒಲೆಗೆ ಹಾಕಿದ್ದರೆ ಒಂದು ದಿನದ ಅಡುಗೆ ಆಗುತ್ತಿತ್ತು, ಅಷ್ಟೆ. ನಮ್ಮ ಕಾಡಿನ ಮರ ಹೊತ್ತು ಹೋದ ಎಷ್ಟೋ ಹಡಗುಗಳು ಎಲ್ಲೆಲ್ಲೋ ಮುಳುಗಿವೆ. ಅವುಗಳ ಹೆಸರು ಹುಡುಕುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೆರೆಯ ತಳದಲ್ಲಿ ಇರುವುದನ್ನು ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಸ್ವಲ್ಪ ಕಣ್ಣಿಟ್ಟಿರಿ.